ಲೋಲಕದ ಆವರ್ತಕಾಲ ಸೊನ್ನೆಯಾದಾಗ

ಶಿಕಾರಿಪುರದ ಕಾಲೇಜೊಂದರಲ್ಲಿ ನೀವು ಸರಳ ಲೋಲಕದ ಆವರ್ತಕಾಲವನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದೀರಿ ಎಂದುಕೊಳ್ಳಿ. ಲೋಲಕದ ಉದ್ದ ಅರ್ಧ ಮೀಟರ್. ಅದನ್ನು 1/2 ಎಂದೇ ಬರೆದಿದ್ದೀರಿ. ಉತ್ತರ ಸುಮಾರು 1.42 ಸೆಕೆಂಡು ಬರುತ್ತದೆ, ಸರಿಯಾಗಿದೆ. ಅದೇ ಕಡತವನ್ನು ಸೊರಬದ ಗೆಳೆಯ ತನ್ನ ಹಳೆಯ ಗಣಕದಲ್ಲಿ ಓಡಿಸಿದರೆ ಉತ್ತರ ಸೊನ್ನೆ! ಗಣಕ ಯಾವ ದೋಷವನ್ನೂ ತೋರಿಸುವುದಿಲ್ಲ.

ಪೈಥಾನ್ 2ರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ. ಹಾಗಾಗಿ ಅಲ್ಲಿ 1/2 ಎಂದರೆ 0. ಪೈಥಾನ್ 3ರಲ್ಲಿ 0.5. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ರಂದೇ ನಿಂತಿತು. ಆದರೆ ಹಳೆಯ ಗಣಕಗಳಿಂದ ಅದು ತಾನಾಗಿ ಮಾಯವಾಗುವುದಿಲ್ಲವಲ್ಲ! ಮಧ್ಯದಲ್ಲೇ ನಿಂತುಬಿಡುವ ಪ್ರೋಗ್ರಾಮಿಗಿಂತ ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಪ್ರೋಗ್ರಾಮು ಹೆಚ್ಚು ಅಪಾಯಕಾರಿ.

ಪ್ರಯೋಗದ ರೆಕಾರ್ಡಿನಲ್ಲಿ ಉಪಕರಣ, ಅದರ ಲೀಸ್ಟ್ ಕೌಂಟ್, ಕೊಠಡಿಯ ತಾಪ ಎಲ್ಲವನ್ನೂ ಬರೆಯಿಸುತ್ತೇವೆ. ಗಣಕದಲ್ಲಿ ಭಾಷೆಯ ಆವೃತ್ತಿ, ಜೊತೆಗಿರುವ ಲೈಬ್ರರಿಗಳು ಇವೇ ಪ್ರಯೋಗದ ಪರಿಸ್ಥಿತಿ. ಇದನ್ನು ಪ್ರೋಗ್ರಾಮಿನೊಡನೆಯೇ ಕಟ್ಟಿ ಕಳುಹಿಸುವ ವಿಧಾನ ಕಂಟೇನರ್. 2013ರಲ್ಲಿ ಬಂದ ಡಾಕರ್ ಎಂಬ ತಂತ್ರಾಂಶ ಇದನ್ನು ಎಲ್ಲರ ಕೈಗೆಟುಕಿಸಿತು. ಡಾಕರ್‌ಫೈಲ್ ಎಂಬ ಸಾಮಾನ್ಯ ಪಠ್ಯಕಡತದಲ್ಲಿ ಯಾವ ಪೈಥಾನ್ ಬೇಕು, ಯಾವ ಲೈಬ್ರರಿ ಬೇಕು, ಕೊನೆಗೆ ಏನನ್ನು ಓಡಿಸಬೇಕು ಎಂದು ಬರೆಯುತ್ತೀರಿ. ಅದರಿಂದ 'ಇಮೇಜ್' ಎಂಬ ಅಚ್ಚು ತಯಾರಾಗುತ್ತದೆ. ಅಚ್ಚನ್ನು ಓಡಿಸಿದಾಗ ಸಿಗುವುದೇ ಕಂಟೇನರ್. ಒಂದೇ ಗಣಕದಲ್ಲಿ ಹಳೆಯ ಪ್ರಾಜೆಕ್ಟಿಗೆ ಪೈಥಾನ್ 2, ಹೊಸದಕ್ಕೆ ಪೈಥಾನ್ 3 ಜಗಳವಿಲ್ಲದೆ ಇರಬಹುದು. 'ಲೇಟೆಸ್ಟ್' ಎಂದು ಮಾತ್ರ ಬರೆಯಬೇಡಿ, ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ಇಂದಿನ ಲೇಟೆಸ್ಟ್ ಮುಂದಿನ ವರ್ಷದ್ದಲ್ಲ.

ಹಾಗಾದರೆ ಇದು ಗಣಕದೊಳಗೊಂದು ಗಣಕವೇ? ಅಲ್ಲ. ಎಲ್ಲ ಕಂಟೇನರುಗಳೂ ಒಂದೇ ಕರ್ನೆಲ್ ಅನ್ನು, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು, ಹಂಚಿಕೊಳ್ಳುತ್ತವೆ. ಆದ್ದರಿಂದಲೇ ಅವು ಹಗುರ. ಲಿನಕ್ಸ್ ಕರ್ನೆಲ್‌ನ 'ನೇಮ್‌ಸ್ಪೇಸ್' ಒಂದು ಪ್ರೋಗ್ರಾಮು ಏನನ್ನು ನೋಡಬಹುದು ಎಂಬುದನ್ನು ನಿರ್ಧರಿಸಿದರೆ, 'ಸಿಗ್ರೂಪ್' ಅದು ಎಷ್ಟನ್ನು ಬಳಸಬಹುದು ಎಂಬುದಕ್ಕೆ ಮಿತಿ ಹಾಕುತ್ತದೆ. ಗೂಗಲ್ ಇಂಜಿನಿಯರುಗಳು 2006ರಲ್ಲಿ ಆರಂಭಿಸಿದ ಸಿಗ್ರೂಪ್, 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಲ್ಲಿ ಲಿನಕ್ಸ್ ಸೇರಿತು. ಪ್ರೊಸೆಸರ್ ಸಮಯವನ್ನು ಗುಂಪುಗಳಿಗೆ ಹಂಚುವ ಕೆಲಸದಲ್ಲಿ ಶ್ರೀವತ್ಸ ವಡ್ಡಗಿರಿ, ಸ್ಮೃತಿಗೆ ಮಿತಿ ಹಾಕುವ ಭಾಗದಲ್ಲಿ ಬಲ್ಬೀರ್ ಸಿಂಗ್ ಅವರ ಹೆಸರುಗಳು ಕರ್ನೆಲ್‌ನ ಮೂಲ ಸಂಕೇತದಲ್ಲೇ ಇವೆ. ಇಬ್ಬರೂ ಆಗ ಬೆಂಗಳೂರಿನ ಐಬಿಎಂ ಪ್ರಯೋಗಾಲಯದವರು. ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ಹೇಳಿ.

ಇಮೇಜುಗಳು ನೂರಾರು ಮೆಗಾಬೈಟ್ ಇರಬಹುದು. ಅಂತರಜಾಲ ನಿಧಾನವಾಗಿರುವ ಕಡೆ ಪ್ರತಿ ಗಣಕಕ್ಕೂ ಇಳಿಸಿಕೊಳ್ಳುವ ಬದಲು ಒಮ್ಮೆ ಇಳಿಸಿ, 'ಡಾಕರ್ ಸೇವ್' ಆದೇಶದಿಂದ ಕಡತವಾಗಿಸಿ ಪೆನ್ ಡ್ರೈವಿನಲ್ಲಿ ಒಯ್ಯಿರಿ. ಅಲ್ಲಿ 'ಡಾಕರ್ ಲೋಡ್' ಕೊಟ್ಟರಾಯಿತು. ನೀವು ಬರೆಯುವ ಪ್ರೋಗ್ರಾಮು ಮತ್ತು ದತ್ತಾಂಶವನ್ನು ಕಂಟೇನರಿನ ಹೊರಗಿನ ಫೋಲ್ಡರಿನಲ್ಲೇ ಇಟ್ಟು ಒಳಕ್ಕೆ ಜೋಡಿಸಿ. ಒಳಗೇ ಬರೆದಿಟ್ಟದ್ದು ಕಂಟೇನರ್ ಅಳಿಸಿದೊಡನೆ ಹೋಗುತ್ತದೆ. ವಿಂಡೋಸ್ ಗಣಕವಾದರೆ ಮೊದಲು ಲಿನಕ್ಸ್ ಕರ್ನೆಲ್ ಒದಗಿಸುವ ಡಬ್ಲ್ಯುಎಸ್‌ಎಲ್ 2 ಬೇಕು. ಇಂಟೆಲ್ ಪ್ರೊಸೆಸರಿಗೆಂದು ಕಟ್ಟಿದ ಇಮೇಜು ಆರ್ಮ್ ಪ್ರೊಸೆಸರಿನ ಗಣಕದಲ್ಲಿ ನೇರವಾಗಿ ಓಡದು. ಡಾಕರ್‌ಫೈಲ್ ಜೊತೆಗಿದ್ದರೆ ಅಲ್ಲಿಯೇ ಮತ್ತೆ ಕಟ್ಟಿಕೊಳ್ಳಬಹುದು.