‘ಬ’ ಅಕ್ಷರದ ಬಾಟಲಿಗಳು

ವೈನ್ ಬಾಟಲಿಯನ್ನು ಕೈಯಲ್ಲಿ ಹಿಡಿದೂ ನೋಡದ ಮಲೆನಾಡಿನ ಅಡಿಕೆ ಬೆಳೆಗಾರರು ಮಳೆಗಾಲ ಹತ್ತಿರ ಬಂತೆಂದರೆ ಫ್ರಾನ್ಸಿನ ಒಂದು ಊರಿನ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ‘ಬೋರ್ಡೋ ಹೊಡೆದಾಯ್ತಾ?’ ‘ಎರಡನೇ ಬೋರ್ಡೋಗೆ ಜನ ಸಿಕ್ಕಿದ್ರಾ?’ ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿ ಕೊಳೆರೋಗಕ್ಕೆ ಸಿಂಪಡಿಸುವ ಆ ತಿಳಿನೀಲಿ ದ್ರಾವಣ ಹುಟ್ಟಿದ್ದು ಜಗತ್ತಿನ ಅತಿ ಹೆಸರುವಾಸಿ ದ್ರಾಕ್ಷಿ ತೋಟಗಳ ನಡುವೆ.

ಅದು ಹುಟ್ಟಿದ ಬಗೆಯೂ ಸ್ವಾರಸ್ಯದ್ದೇ. ಬೋರ್ಡೋ ನಗರದ ಉತ್ತರಕ್ಕಿರುವ ಮೆಡಾಕ್ ಸೀಮೆಯಲ್ಲಿ ರಸ್ತೆಬದಿಯ ದ್ರಾಕ್ಷಿಗೆ ದಾರಿಹೋಕರ ಕಾಟ. ಹಣ್ಣು ವಿಷದಂತೆ ಕಾಣಲಿ ಎಂದು ತೋಟದವರು ರಸ್ತೆಗೆ ತಾಗಿದ ಸಾಲುಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ಅಮೆರಿಕದಿಂದ ಬಂದ ಬೂಜುರೋಗ ಆಗಷ್ಟೇ ಫ್ರಾನ್ಸಿನ ತೋಟಗಳನ್ನು ಬೋಳಿಸತೊಡಗಿತ್ತು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯೆರ್ ಮಿಲಾರ್ಡೆ ಆ ದಾರಿಯಲ್ಲಿ ಬಂದಾಗ ಒಳಗಿನ ಬಳ್ಳಿಗಳ ಎಲೆಯೆಲ್ಲ ಉದುರಿತ್ತು, ಕಳ್ಳರಿಗೆಂದು ನೀಲಿ ಬಳಿದ ಸಾಲುಗಳು ಮಾತ್ರ ಹಸಿರಾಗಿದ್ದವು. ರಸಾಯನಶಾಸ್ತ್ರಜ್ಞ ಯುಲಿಸ್ ಗೇಯೋನ್ ಜೊತೆ ಸೇರಿ ಪ್ರಮಾಣ ಹದಗೊಳಿಸಿ 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೂ ಇದೇ ಮದ್ದು ನಾಟುತ್ತದೆ ಎಂದು ತೋರಿಸಿಕೊಟ್ಟರು. ಹೀಗೆ ಬೋರ್ಡೋ ಮಲೆನಾಡಿಗೆ ಬಂತು, ಅದರ ವೈನ್ ಬರಲಿಲ್ಲ.

ಆ ವೈನಿನ ವಿಷಯಕ್ಕೆ ಬಂದರೆ ಹೊಸಬರಿಗೆ ಮೊದಲ ತೊಡಕು ಎದುರಾಗುವುದು ಲೇಬಲ್ಲಿನಲ್ಲೇ. ಬೋರ್ಡೋದ ಹೆಚ್ಚಿನ ಬಾಟಲಿಗಳ ಮೇಲೆ ತೋಟದ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ, ಇಸವಿಯೂ ಇರುತ್ತದೆ. ಯಾವ ದ್ರಾಕ್ಷಿ ಎಂಬುದು ಬಹಳ ಸಲ ಇರುವುದಿಲ್ಲ. ಅಲ್ಲಿಯ ಕೆಂಪು ವೈನ್ ಒಂದೇ ತಳಿಯದ್ದಾಗಿರುವುದು ಅಪರೂಪ. ನದಿಯ ಎಡದಂಡೆಯ ಜಲ್ಲಿಕಲ್ಲಿನ ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಮುಂದಾದರೆ, ಬಲದಂಡೆಯ ಜೇಡಿಮಣ್ಣಿನಲ್ಲಿ ಮೆರ್ಲೊ ಮೇಲುಗೈ. ಎರಡನ್ನೂ ಇನ್ನೊಂದೆರಡು ತಳಿಗಳ ಜೊತೆ ಬೆರೆಸುವುದೇ ಆ ಸೀಮೆಯ ಪದ್ಧತಿ. ಒಂದು ವರ್ಷ ಹೂ ಬಿಡುವ ಹೊತ್ತಿಗೆ ಮಳೆ ಸುರಿದು ಒಂದು ತಳಿ ಕೈಕೊಟ್ಟರೂ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕಾಚಾರ ಇದರ ಹಿಂದಿದೆ.

ಪ್ರತಿಷ್ಠೆಯ ವಿಷಯದಲ್ಲಿ ಬೋರ್ಡೋದಷ್ಟು ಹಟಮಾರಿ ಊರು ಇನ್ನೊಂದಿರಲಿಕ್ಕಿಲ್ಲ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಮೂರನೇ ನೆಪೋಲಿಯನ್ ಕೇಳಿದನೆಂದು ಅಲ್ಲಿಯ ದಲ್ಲಾಳಿಗಳು ತೋಟಗಳನ್ನು ಐದು ದರ್ಜೆಗಳಲ್ಲಿ ಪಟ್ಟಿ ಮಾಡಿಕೊಟ್ಟರು. ಆಧಾರ ಮುಖ್ಯವಾಗಿ ಮಾರುಕಟ್ಟೆ ಬೆಲೆ. ಆ ಪಟ್ಟಿ ಇಂದಿಗೂ ಚಾಲ್ತಿಯಲ್ಲಿದೆ. ನೆನಪಿಡುವಂಥ ದೊಡ್ಡ ಬಡ್ತಿ ಒಂದೇ: 1973ರಲ್ಲಿ ಮೂತೋ ರೋಥ್‌ಚೈಲ್ಡ್ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿತು.

‘ಬ’ದಿಂದ ಶುರುವಾಗುವ ವೈನ್ ಹೆಸರುಗಳು ಇನ್ನೂ ಬೇಕಾದಷ್ಟಿವೆ. ಬರ್ಗಂಡಿ, ಬೋಜೊಲೆ, ಬರೋಲೊ, ಬಾರ್ಬೆರಾ, ಬ್ರುನೆಲ್ಲೊ, ಬ್ರುಟ್, ಬರೋಸಾ, ಕೊನೆಗೆ ನಮ್ಮದೇ ಬೆಂಗಳೂರು ಬ್ಲೂ. ಅಂಗಡಿಯ ಕಪಾಟಿನಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದರೂ ಹೇಳುವ ಸಂಗತಿ ಬೇರೆ ಬೇರೆ. ಕೆಲವು ವೈನ್ ಎಲ್ಲಿಯದೆಂದು ಹೇಳುತ್ತವೆ, ಕೆಲವು ಯಾವ ಹಣ್ಣಿನದೆಂದು, ಇನ್ನು ಕೆಲವು ಹೇಗೆ ಮಾಡಿದ್ದೆಂದು. ಈ ಮೂರನ್ನು ಬಿಡಿಸಿಕೊಂಡರೆ ವೈನಿನ ಅರ್ಧ ಗೊಂದಲ ಕಳೆಯುತ್ತದೆ.

ಇದನ್ನು ಕಲಿಯಲು ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟ್ ಪ್ರಾಂತ್ಯಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆಲ್ಬಾ ಪಟ್ಟಣದ ಸುತ್ತಲಿನ ಗುಡ್ಡಗಳಲ್ಲಿ ಬರೋಲೊ, ಬಾರ್ಬರೆಸ್ಕೊ, ಬಾರ್ಬೆರಾ ಮೂರೂ ಸಿಗುತ್ತವೆ, ಮೂರೂ ಕೆಂಪು. ಕೇಳಿದವರು ಅಣ್ಣತಮ್ಮಂದಿರೆಂದೇ ತಿಳಿಯುತ್ತಾರೆ. ಬರೋಲೊ ಮತ್ತು ಬಾರ್ಬರೆಸ್ಕೊ ಹಳ್ಳಿಗಳ ಹೆಸರು. ಎರಡೂ ಕಡೆ ವೈನ್ ಮಾಡುವುದು ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿಯಿಂದ. ಬಾರ್ಬೆರಾ ಎಂಬುದು ಹಳ್ಳಿಯಲ್ಲ, ಅದು ಬೇರೆಯೇ ಒಂದು ದ್ರಾಕ್ಷಿ ತಳಿ.

ನೆಬ್ಬಿಯೋಲೊ ರೈತನ ತಾಳ್ಮೆ ಪರೀಕ್ಷಿಸುವ ಬಳ್ಳಿ. ಚಿಗುರುವುದು ಬೇಗ, ಹಣ್ಣಾಗುವುದು ತಡ. ಗುಡ್ಡದ ಬಿಸಿಲು ಬೀಳುವ ಮಗ್ಗುಲೇ ಬೇಕು. ಅದರ ವೈನ್ ನೋಡಲು ತೆಳು ಕೆಂಪು, ನಾಲಿಗೆಗೆ ಇಟ್ಟರೆ ಎಳೆ ಅಡಿಕೆ ಅಗಿದಷ್ಟು ಒಗರು. ಆ ಒಗರು ಇಳಿಯಲು ಕಾಲ ಬೇಕು. ಬರೋಲೊ ಎಂಬ ಹೆಸರು ಹಚ್ಚಬೇಕಾದರೆ ಕನಿಷ್ಠ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಎಂದು ಕಾನೂನಿದೆ. ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ಬರೋಲೊ ಮಾಡಲು ಹಕ್ಕಿರುವುದು 11 ಗ್ರಾಮಗಳಿಗೆ ಮಾತ್ರ. ಗಡಿಯಿಂದ ಒಂದು ಹೆಜ್ಜೆ ಆಚೆ ಅದೇ ಬಳ್ಳಿ ನೆಟ್ಟು, ಅದೇ ರೀತಿ ಮಾಡಿದರೂ ಆ ಹೆಸರು ಸಿಗದು.

ಬಾರ್ಬೆರಾದ ಕಥೆ ಬೇರೆ. ಹುಳಿ ಜಾಸ್ತಿ, ಒಗರು ಕಡಿಮೆ, ಇಳುವರಿ ಧಾರಾಳ. ಪಿಯೆಮೊಂಟಿನ ಮನೆಗಳಲ್ಲಿ ದಿನದ ಊಟಕ್ಕೆ ಕುಡಿಯುತ್ತಿದ್ದದ್ದು ಇದನ್ನೇ. ಅಗ್ಗದ ವೈನ್ ಎಂಬ ಆ ಹೆಸರು 1986ರಲ್ಲಿ ಅದಕ್ಕೆ ಮುಳುವಾಯಿತು. ಬಾರ್ಬೆರಾ ಹೆಸರಿನಲ್ಲಿ ಮಾರಾಟವಾದ ಅಗ್ಗದ ವೈನಿಗೆ ಮೆಥನಾಲ್ ಬೆರೆಸಿದ್ದರಿಂದ ಇಟಲಿಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಕಳ್ಳಬಟ್ಟಿ ದುರಂತಗಳ ಸುದ್ದಿ ಓದಿ ರೂಢಿಯಿರುವ ನಮಗೆ ಇದು ಯುರೋಪಿನಲ್ಲೂ ನಡೆದಿತ್ತೇ ಎನಿಸಬಹುದು. ವಿಚಿತ್ರವೆಂದರೆ ಬಾರ್ಬೆರಾ ತಲೆಯೆತ್ತುವ ಪ್ರಯತ್ನವೂ ಅದೇ ದಶಕದಲ್ಲಿ ಶುರುವಾಗಿತ್ತು. ರೊಕೆಟಾ ತನಾರೊ ಎಂಬ ಹಳ್ಳಿಯ ಜಾಕೊಮೊ ಬೊಲೊನ್ಯಾ ತಮ್ಮ 1982ರ ಬಾರ್ಬೆರಾವನ್ನು ಫ್ರೆಂಚ್ ಓಕ್ ಮರದ ಸಣ್ಣ ಪೀಪಾಯಿಗಳಲ್ಲಿ ಹದಗೊಳಿಸಿ, ಬರೋಲೊದಂಥ ಗಂಭೀರ ವೈನಿನ ಸಾಲಿನಲ್ಲಿ ಅದನ್ನು ಕೂರಿಸಿದರು. ಆ 225 ಲೀಟರಿನ ಪೀಪಾಯಿಯ ಅಳತೆ ಬೋರ್ಡೋದಿಂದ ಬಂದದ್ದು.

ಎಲ್ಲಿಯದು, ಯಾವುದು ಎಂಬ ಗೆರೆ ಅಳಿಸಿಹೋದ ಉದಾಹರಣೆಯೂ ಇಟಲಿಯಲ್ಲೇ ಇದೆ. ಟಸ್ಕನಿಯ ಮೊಂಟಾಲ್ಚಿನೊ ಬೆಟ್ಟದ ಮೇಲೆ ಬ್ರುನೆಲ್ಲೊ ಎಂಬ ಪ್ರತ್ಯೇಕ ದ್ರಾಕ್ಷಿ ಇದೆಯೆಂದು ಜನ ನಂಬಿದ್ದರು. ಆಮೇಲೆ ನೋಡಿದರೆ ಅದು ಟಸ್ಕನಿಯ ಎಲ್ಲ ಕಡೆ ಬೆಳೆಯುವ ಸಾಂಜೊವೇಸೆ ತಳಿಯೇ. ಈಗ ಬ್ರುನೆಲ್ಲೊ ಅಂದರೆ ಆ ಬೆಟ್ಟದ ವೈನ್ ಎಂದರ್ಥ, ಹಣ್ಣಿನ ಹೆಸರಾಗಿ ಅದರ ಬಳಕೆ ಮುಗಿದಿದೆ.

ಬರ್ಗಂಡಿಗೂ ಬೋಜೊಲೆಗೂ ಇರುವುದು ಹಳೆಯ ಜಗಳ. ಭೂಪಟದಲ್ಲಿ ಒಂದರ ಕೆಳಗೊಂದು ಇರುವ ಈ ಎರಡು ಫ್ರೆಂಚ್ ಸೀಮೆಗಳನ್ನು ದ್ರಾಕ್ಷಿಯೇ ಬೇರೆ ಮಾಡಿದೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್, ಗಾಮೆ ಎಂಬ ತಳಿಯನ್ನು ಕೆಟ್ಟ, ನಂಬಿಕೆಗೆ ಅರ್ಹವಲ್ಲದ ಬಳ್ಳಿ ಎಂದು ಜರೆದು, ಕಿತ್ತೆಸೆಯುವಂತೆ ಅಪ್ಪಣೆ ಹೊರಡಿಸಿದ. ಗಾಮೆಯ ತಪ್ಪೆಂದರೆ ಹೆಚ್ಚು ಇಳುವರಿ ಕೊಟ್ಟದ್ದು. ದೊರೆಗೆ ಬೇಕಿದ್ದದ್ದು ಸೂಕ್ಷ್ಮ ಸ್ವಭಾವದ ಪಿನೋ ನ್ವಾರ್. ಅಪ್ಪಣೆಯನ್ನು ಎಲ್ಲರೂ ಕೇಳಿದರೆಂದಲ್ಲ. ಕಾಲಕ್ರಮದಲ್ಲಿ ಬರ್ಗಂಡಿಯ ಕೆಂಪು ಎಂದರೆ ಪಿನೋ ನ್ವಾರ್, ದಕ್ಷಿಣದ ಬೋಜೊಲೆಯ ಗ್ರಾನೈಟ್ ಗುಡ್ಡಗಳು ಎಂದರೆ ಗಾಮೆ ಎಂದಾಯಿತು. ದೊರೆಗೆ ತಿಳಿಯದಿದ್ದ ಒಂದು ಸಂಗತಿಯನ್ನು ಡಿಎನ್‌ಎ ಪರೀಕ್ಷೆಗಳು 1999ರಲ್ಲಿ ಬಯಲಿಗೆ ತಂದವು: ಗಾಮೆ ಪಿನೋದ ಮಗು. ಬರ್ಗಂಡಿಯ ಹೆಮ್ಮೆಯ ಬಿಳಿ ದ್ರಾಕ್ಷಿ ಶಾರ್ಡೊನೆಯೂ ಅದೇ ತಂದೆತಾಯಿಯದ್ದು.

ಬೋಜೊಲೆ ಹೆಚ್ಚಿನವರಿಗೆ ಗೊತ್ತಿರುವುದು ನವೆಂಬರಿನ ಮೂರನೇ ಗುರುವಾರದ ಹಬ್ಬದಿಂದ. ಕೊಯ್ಲು ಮುಗಿದ ಕೆಲವೇ ವಾರಗಳಲ್ಲಿ ಆ ವರ್ಷದ ಎಳೆ ವೈನ್ ಅಂದು ಜಗತ್ತಿನಾದ್ಯಂತ ಅಂಗಡಿಗೆ ಬರುತ್ತದೆ. ಗೊಂಚಲುಗಳನ್ನು ಹಿಂಡದೆ ಇಡಿಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಇಟ್ಟಾಗ ಹುದುಗು ಹಣ್ಣಿನ ಒಳಗೇ ಶುರುವಾಗುತ್ತದೆ. ಹಾಗಾಗಿ ವೈನಿಗೆ ಒಗರು ಹೆಚ್ಚು ಸೇರದೆ ಹಣ್ಣಿನ ಘಮವಷ್ಟೇ ಬರುತ್ತದೆ. ಮಾರಾಟದ ಜಾಣತನವಾಗಿ ಇದು ಗೆದ್ದಿತು. ಆದರೆ ಅದೇ ಸೀಮೆಯ ಹತ್ತು ಹಳ್ಳಿ ಹೆಸರುಗಳಲ್ಲಿ ಬರುವ ನಿಜವಾದ ಒಳ್ಳೆಯ ವೈನುಗಳು ಈ ಗದ್ದಲದಲ್ಲಿ ಹಿಂದೆ ಬಿದ್ದವು.

ಬರ್ಗಂಡಿಯ ಬೆಲೆ ಏಕೆ ಮುಗಿಲು ಮುಟ್ಟಿದೆ ಎಂಬುದಕ್ಕೆ ಅಲ್ಲಿಯ ಆಸ್ತಿಪಾಲೂ ಒಂದು ಕಾರಣ. ಕ್ಲೋ ದ ವೂಜೊ ಎಂಬ ಹೆಸರಾಂತ ತೋಟವನ್ನು ಮಧ್ಯಯುಗದಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳು ಗೋಡೆ ಕಟ್ಟಿ ಒಂದೇ ಹಿಡುವಳಿಯಾಗಿ ನೋಡಿಕೊಂಡಿದ್ದರು. ಫ್ರೆಂಚ್ ಕ್ರಾಂತಿ ಅದನ್ನು ಮಠದಿಂದ ಕಿತ್ತುಕೊಂಡಿತು. ಮಕ್ಕಳಿಗೆಲ್ಲ ಸಮಪಾಲು ಎಂಬ 1804ರ ನೆಪೋಲಿಯನ್ ಕಾನೂನು ತಲೆಮಾರಿನಿಂದ ತಲೆಮಾರಿಗೆ ಹೊಲಗಳನ್ನು ಹಿಸ್ಸೆ ಮಾಡುತ್ತ ಹೋಯಿತು. ಇಂದು ಅದೇ ಗೋಡೆಯೊಳಗಿನ ಸುಮಾರು 50 ಹೆಕ್ಟೇರಿಗೆ 80ರ ಆಸುಪಾಸು ಮಾಲೀಕರು. ಕೆಲವರ ಪಾಲಿಗೆ ಬಂದದ್ದು ನಾಲ್ಕಾರು ಸಾಲು ಬಳ್ಳಿ. ಒಂದೇ ಹೆಸರು ಹೊತ್ತ ಎರಡು ಬಾಟಲಿಗಳ ರುಚಿಯಲ್ಲಿ ಅಜಗಜಾಂತರ ಇರುವುದು ಇದರಿಂದಲೇ. ಬರ್ಗಂಡಿ ಕೊಳ್ಳುವವರು ಹೊಲದ ಹೆಸರಿಗಿಂತ ಮೊದಲು ಮಾಡಿದವರ ಹೆಸರನ್ನು ಹುಡುಕುತ್ತಾರೆ.

ಇನ್ನು ಮಾಡುವ ಬಗೆ ಹೇಳುವ ಹೆಸರುಗಳು. ಶಾಂಪೇನ್ ಬಾಟಲಿಯ ಮೇಲಿನ ‘ಬ್ರುಟ್’ ಕಂಪನಿಯ ಹೆಸರೆಂದು ನಂಬಿದವರು ಕಡಿಮೆಯೇನಿಲ್ಲ. ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ ಎಂಬುದಷ್ಟೇ ಅದರ ತಾತ್ಪರ್ಯ. ವೈನಿನ ಭಾಷೆಯಲ್ಲಿ ‘ಡ್ರೈ’ ಎಂದರೆ ಸಿಹಿಯಿಲ್ಲದ್ದು, ಆದರೂ ‘ಎಕ್ಸ್‌ಟ್ರಾ ಡ್ರೈ’ ಎಂದು ಬರೆದದ್ದು ಇದಕ್ಕಿಂತ ಸಿಹಿ; ಈ ತಮಾಷೆಗೆ ಹೊಣೆ ಹತ್ತೊಂಬತ್ತನೇ ಶತಮಾನದ ಸಿಹಿಬಾಯಿ. ಆಗಿನ ಶಾಂಪೇನ್ ಪಾನಕದಂತಿತ್ತು, ಅದಕ್ಕೆ ಹೋಲಿಸಿದರೆ ಅದು ‘ಡ್ರೈ’ಯೇ. ಲೂಯಿಸ್ ಪೊಮ್ಮೆರಿ ಎಂಬ ವಿಧವೆ ತನ್ನ ಕಂಪನಿಯಿಂದ 1874ರ ಫಸಲಿನಲ್ಲಿ ಸಿಹಿಯಿಲ್ಲದ ಶಾಂಪೇನ್ ಹೊರತಂದ ಮೇಲೆ ಗಾಳಿ ತಿರುಗಿತು. ‘ಬ್ಲಾಂ ದ ಬ್ಲಾಂ’ ಎಂದರೆ ಬಿಳಿ ದ್ರಾಕ್ಷಿಯ ಬಿಳಿ ವೈನ್, ‘ಬ್ಲಾಂ ದ ನ್ವಾರ್’ ಎಂದರೆ ಕಪ್ಪು ದ್ರಾಕ್ಷಿಯ ಬಿಳಿ ವೈನ್. ಕಪ್ಪು ದ್ರಾಕ್ಷಿಯ ಬಣ್ಣವೆಲ್ಲ ಸಾಮಾನ್ಯವಾಗಿ ಸಿಪ್ಪೆಯಲ್ಲಿರುವುದರಿಂದ, ಸಿಪ್ಪೆ ನೆನೆಯುವ ಮೊದಲೇ ಮೆಲ್ಲಗೆ ಹಿಂಡಿದರೆ ರಸ ಬಿಳಿಯೇ.

ರೋಗವೂ ಒಂದು ಶೈಲಿಯಾಗಬಹುದು. ಬೋರ್ಡೋದ ದಕ್ಷಿಣಕ್ಕೆ ಬಾರ್ಸಾಕ್ ಎಂಬ ಹಳ್ಳಿಯ ಬಳಿ ಸಿರೋನ್ ಎಂಬ ತಣ್ಣೀರಿನ ಹೊಳೆ ಬೆಚ್ಚಗಿನ ಗಾರೋನ್ ನದಿಯನ್ನು ಸೇರುತ್ತದೆ. ಶರತ್ಕಾಲದ ಬೆಳಗ್ಗೆ ಅಲ್ಲಿ ಮಂಜು, ಮಧ್ಯಾಹ್ನ ಬಿಸಿಲು. ಮಂಜಿನಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿಗೆ ಹಿಡಿದು ಸಿಪ್ಪೆಯಲ್ಲಿ ಸೂಕ್ಷ್ಮ ತೂತು ಕೊರೆಯುತ್ತದೆ, ಬಿಸಿಲಿಗೆ ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ. ಬಿಸಿಲು ಬಾರದಿದ್ದರೆ ಅದೇ ಬೂಷ್ಟು ಇಡೀ ಫಸಲನ್ನು ಕೊಳೆಸಿಬಿಡುತ್ತದೆ. ಗೊಂಚಲಿನಲ್ಲಿ ಹದವಾಗಿ ಸುಕ್ಕಿದ ಹಣ್ಣನ್ನಷ್ಟೇ ಆರಿಸಲು ಕೊಯ್ಲಿನವರು ಅದೇ ಬಳ್ಳಿಗೆ ಮತ್ತೆ ಮತ್ತೆ ಬರಬೇಕು. ಜೇನಿನ ಬಣ್ಣದ ಆ ಸಿಹಿ ವೈನಿನ ಬೆಲೆಯಲ್ಲಿ ಈ ಕೂಲಿಯೂ ಅಡಗಿದೆ.

ಹಾದಿ ತಪ್ಪಿಸುವ ಹೆಸರುಗಳೂ ‘ಬ’ದಲ್ಲಿವೆ. ಅರ್ಜೆಂಟೀನಾದ ‘ಬೊನಾರ್ಡಾ’ಗೂ ಇಟಲಿಯ ಬೊನಾರ್ಡಾಗೂ ನೆಂಟಸ್ತಿಕೆಯಿಲ್ಲ, ಅರ್ಜೆಂಟೀನಾದ್ದು ಫ್ರಾನ್ಸಿನ ಸವೋಯ್ ಸೀಮೆಯ ಹಳೆಯ ತಳಿ. ಹಂಗೇರಿಯ ಎಗರ್ ಪಟ್ಟಣದ ‘ಬಿಕಾವೇರ್’ ಎಂದರೆ ಗೂಳಿಯ ರಕ್ತ. 1552ರಲ್ಲಿ ಆಟೊಮನ್ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಯೊಳಗಿನ ಸೈನಿಕರ ವೈನ್ ಮೆತ್ತಿದ ಕೆಂಪು ಗಡ್ಡ ನೋಡಿ, ಇವರು ಗೂಳಿಯ ರಕ್ತ ಕುಡಿದಿದ್ದಾರೆಂದು ಶತ್ರುಗಳು ಬೆದರಿದರಂತೆ. ಕಥೆ ಚೆನ್ನಾಗಿದೆ, ನಂಬಲೇಬೇಕೆಂದಿಲ್ಲ. ಅದರಲ್ಲಿ ಈಗ ಪ್ರಧಾನವಾಗಿರುವ ದ್ರಾಕ್ಷಿಗೆ ಗಡಿಯಾಚೆಯ ಆಸ್ಟ್ರಿಯಾದಲ್ಲಿ ಬ್ಲೌಫ್ರಾಂಕಿಷ್ ಎಂದು ಹೆಸರು.

ದಕ್ಷಿಣ ಆಸ್ಟ್ರೇಲಿಯಾದ ಬರೋಸಾಕ್ಕೆ 1842ರಲ್ಲಿ ಬಂದು ನೆಲೆಸಿದವರು ಪ್ರಷ್ಯಾದಿಂದ ಧರ್ಮದ ಕಾರಣಕ್ಕೆ ಊರು ಬಿಟ್ಟ ಲೂಥರನ್ ರೈತರು. ಯುರೋಪಿನ ಬಳ್ಳಿಗಳನ್ನೆಲ್ಲ ಬೇರಿನಿಂದ ತಿಂದುಹಾಕಿದ ಫಿಲಾಕ್ಸೆರಾ ಹೇನು ಆ ಕಡೆ ಇಂದಿಗೂ ಕಾಲಿಟ್ಟಿಲ್ಲ. ಹಾಗಾಗಿ 1840ರ ದಶಕದ ಶಿರಾಜ್ ಬಳ್ಳಿಗಳು ಅಲ್ಲಿ ಸ್ವಂತ ಬೇರಿನ ಮೇಲೆ ಈಗಲೂ ಹಣ್ಣು ಬಿಡುತ್ತಿವೆ. ಆಸ್ಟ್ರೇಲಿಯಾದವರು ಲೇಬಲ್ಲಿನ ಮೇಲೆ ಊರಿನ ಜೊತೆಗೆ ದ್ರಾಕ್ಷಿಯ ಹೆಸರನ್ನೂ ಸ್ಪಷ್ಟವಾಗಿ ಬರೆಯುತ್ತಾರೆ. ನಂದಿ ಬೆಟ್ಟದ ತಪ್ಪಲಿನಲ್ಲಿ 1980ರ ದಶಕದ ಕೊನೆಗೆ ಶುರುವಾದ ಗ್ರೋವರ್ ತೋಟವೂ ಇದೇ ದಾರಿ ಹಿಡಿಯಿತು. ಅವರಿಗೆ ಸಲಹೆಗಾರರಾಗಿ ಬಂದ ಮಿಶೆಲ್ ರೊಲಾಂ ಮಾತ್ರ ಬೋರ್ಡೋದ ಬಲದಂಡೆಯವರು.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಚಪ್ಪರಗಳಲ್ಲಿ ತೂಗುವ ಬೆಂಗಳೂರು ಬ್ಲೂ ಈ ಬಳಗದಲ್ಲಿ ಹೊರಗಿನವನು. ಅದು ಅಮೆರಿಕದ ಲಾಬ್ರುಸ್ಕಾ ರಕ್ತದ ದ್ರಾಕ್ಷಿ, ಇಸಬೆಲ್ಲಾ ತಳಿಯ ರೂಪ ಎಂದು ಹಲವರು ಗುರುತಿಸುತ್ತಾರೆ. ದಪ್ಪ ಸಿಪ್ಪೆ, ಒಳಗೆ ಬೀಜ, ಹಿಸುಕಿದರೆ ಸಿಪ್ಪೆಯಿಂದ ಜಾರಿ ಬರುವ ತಿರುಳು. ಅಂಗಡಿಯ ದ್ರಾಕ್ಷಿ ಪೆಪ್ಪರ್‌ಮಿಂಟಿನ ಘಮ ಇದೆಯಲ್ಲ, ಅದು ಈ ಅಮೆರಿಕನ್ ಕುಲದಲ್ಲಿರುವ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವಿನದು. ಯುರೋಪಿನ ವೈನ್ ಪಂಡಿತರು ಆ ವಾಸನೆಗೆ ಮೂಗು ಮುರಿಯುತ್ತಾರೆ. ಫ್ರಾನ್ಸ್ 1930ರ ದಶಕದಲ್ಲಿ ಇಸಬೆಲ್ಲಾ ಸೇರಿ ಆರು ಇಂಥ ತಳಿಗಳ ವೈನನ್ನೇ ನಿಷೇಧಿಸಿತು. ನಮ್ಮ ರೈತ ಅದನ್ನು ಬಿಡದಿರಲು ಕಾರಣ ರೋಗ ತಾಳುವ ಗುಣ ಮತ್ತು ವರ್ಷಕ್ಕೆ ಎರಡು ಫಸಲು. ಚಳಿಗಾಲದ ನಿದ್ದೆಯಿಲ್ಲದ ಈ ನೆಲದಲ್ಲಿ ಬಳ್ಳಿಯನ್ನು ಸವರಿದಾಗಲೆಲ್ಲ, ವಿಜಯಪುರದವರ ಮಾತಿನಲ್ಲಿ ಚಾಟ್ನಿ ಮಾಡಿದಾಗಲೆಲ್ಲ, ಅದು ಮತ್ತೆ ಚಿಗುರುತ್ತದೆ.

ಇದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ದೊಡ್ಡ ವೈನರಿಗಳು ದುಬಾರಿ ಬಾಟಲಿಗೆ ಶಿರಾಜ್, ಕ್ಯಾಬರ್ನೆಗಳನ್ನೇ ಆರಿಸಿಕೊಳ್ಳುತ್ತವೆ. ಬೆಂಗಳೂರು ಬ್ಲೂ ಹೋಗುವುದು ಜ್ಯೂಸಿಗೆ, ಜಾಮಿಗೆ, ಗೋವಾದ ಸಿಹಿ ‘ಪೋರ್ಟ್’ ವೈನಿಗೆ, ಕ್ರಿಸ್‌ಮಸ್ ಹತ್ತಿರ ಬಂದಾಗ ಮನೆಗಳಲ್ಲಿ ಸಕ್ಕರೆ, ಚಕ್ಕೆ, ಲವಂಗ ಹಾಕಿ ಜಾಡಿಯಲ್ಲಿ ಹುದುಗಿಸುವ ವೈನಿಗೆ. ಉಳಿದದ್ದು ತಳ್ಳುಗಾಡಿಯಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ವೈನಿಗೆಂದೇ ಬೆಳೆದ ದ್ರಾಕ್ಷಿಯನ್ನು ವೈನರಿ ಬೇಡವೆಂದರೆ ಮಾರುವುದು ಕಷ್ಟ. ಈ ನೀಲಿ ದ್ರಾಕ್ಷಿಯ ರೈತನಿಗೆ ಒಬ್ಬ ಗಿರಾಕಿ ಕೈಬಿಟ್ಟರೆ ಇನ್ನೊಬ್ಬನಿದ್ದಾನೆ.