ಪೆಟ್ಟಿಗೆಯಲ್ಲಿ ಏನಿದೆಯಮ್ಮ?

ಬೇಸಿಗೆ ರಜಕ್ಕೆ ದೆಹಲಿಯ ಸೋದರತ್ತೆಯ ಮನೆಗೋ, ದುಬೈನ ಚಿಕ್ಕಪ್ಪನ ಮನೆಗೋ ವಿಮಾನದಲ್ಲಿ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಎಲ್ಲಿ ನೋಡಿದರೂ ಖಾಕಿ. ಕೆಲವರ ಕೈಯಲ್ಲಿ ಬಂದೂಕು. ನಿಮ್ಮ ಪುಟ್ಟ ತಮ್ಮ ಅಮ್ಮನ ಸೆರಗು ಹಿಡಿದುಕೊಂಡೇ ಬಿಡುತ್ತಾನೆ. ಅವನಿಗೆ ಹೇಳಿ: ಇವರು ನಮ್ಮನ್ನು ಹಿಡಿಯೋಕೆ ನಿಂತವರಲ್ಲ, ಕಾಯೋಕೆ ನಿಂತವರು ಅಂತ.

ಇವರು ಸಿ.ಐ.ಎಸ್.ಎಫ್., ಅಂದರೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು. 1969ರಲ್ಲಿ ಈ ಪಡೆ ಹುಟ್ಟಿದ್ದು ಕಾರ್ಖಾನೆಗಳನ್ನು ಕಾಯಲು. ಆಗ ವಿಮಾನ ನಿಲ್ದಾಣಗಳ ಕಾವಲು ಆಯಾ ರಾಜ್ಯದ ಪೊಲೀಸರದು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ನಮ್ಮ ವಿಮಾನವನ್ನು ಆಯುಧ ಹಿಡಿದವರು ಅಪಹರಿಸಿ ಕಂದಹಾರಕ್ಕೆ ಒಯ್ದರು. ಪ್ರಯಾಣಿಕರಿಗೆ ಬಿಡುಗಡೆಯಾದದ್ದು 31ರಂದು. ಒಬ್ಬ ತರುಣ ಮನೆಗೆ ಮರಳಲೇ ಇಲ್ಲ. ಅದಾದ ಮೇಲೆ 2000ದ ಫೆಬ್ರವರಿಯಲ್ಲಿ ಮೊದಲು ಜೈಪುರದಲ್ಲಿ, ಆಮೇಲೆ ಒಂದೊಂದಾಗಿ ಬೇರೆ ನಿಲ್ದಾಣಗಳಲ್ಲಿ ಈ ಪಡೆ ಬಂದು ನಿಂತಿತು.

ಹಾಗಂತ ರಾಜ್ಯದ ಪೊಲೀಸರು ಅಲ್ಲಿ ಇಲ್ಲವೆ? ಇದ್ದಾರೆ. ಪರ್ಸು ಕಳುವಾಯಿತು, ಜಗಳವಾಯಿತು ಎಂದರೆ ದೂರು ಬರೆಸಬೇಕಾದ್ದು ಅವರ ಠಾಣೆಯಲ್ಲಿ. ಪಾಸ್‌ಪೋರ್ಟಿಗೆ ಮೊಹರು ಹಾಕುವವರು, ಕಳ್ಳ ಚಿನ್ನ ಹುಡುಕುವ ಕಸ್ಟಮ್ಸ್‌ನವರು ಬೇರೆಯೇ ಇಲಾಖೆ.

ಎಕ್ಸ್-ರೇ ಯಂತ್ರದ ಮುಂದೆ ಕೂತವರ ಕೆಲಸ ನೋಡಿದರೆ ನನಗಂತೂ ಅಕ್ಕಿ ಆರಿಸುವುದು ನೆನಪಾಗುತ್ತದೆ. ಸಾವಿರ ಕಾಳಿನಲ್ಲಿ ಒಂದು ಕಲ್ಲು! ಪರದೆಯ ಮೇಲೆ ಬಟ್ಟೆ, ಪುಸ್ತಕ, ತಿಂಡಿ ಕಿತ್ತಳೆ ಬಣ್ಣದಲ್ಲಿ ಕಂಡರೆ ಲೋಹ ನೀಲಿಯಾಗಿ ಕಾಣುತ್ತದೆ. ಕಣ್ಣು ಜೋಂಪು ಹತ್ತಬಾರದಲ್ಲ, ಅದಕ್ಕೇ ಯಂತ್ರವೇ ಆಗಾಗ ಯಾರದೋ ಚೀಲದ ಚಿತ್ರದೊಳಗೆ ಸುಳ್ಳು ಪಿಸ್ತೂಲಿನ ಚಿತ್ರವೊಂದನ್ನು ತೂರಿಸಿ ಪರೀಕ್ಷೆ ಮಾಡುತ್ತದೆ. ಲ್ಯಾಪ್‌ಟಾಪನ್ನು ಹೊರಗೆ ಇಡಿ ಅನ್ನುವುದು ಏಕೆ ಗೊತ್ತೆ? ಅದರ ಕೆಳಗಿದ್ದದ್ದು ಸರಿಯಾಗಿ ಕಾಣುವುದಿಲ್ಲ, ಅಷ್ಟೇ.

ಹೊರದೇಶಕ್ಕೆ ಹೋಗುವಾಗ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಎಣ್ಣೆ, ಶಾಂಪೂ ಬಾಟಲಿ ನಡೆಯದು. 2006ರಲ್ಲಿ ಲಂಡನ್ನಿನಲ್ಲಿ ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ಒಯ್ಯುವ ಸಂಚು ಬಯಲಾದ ಮೇಲೆ ಬಂದ ಕಟ್ಟಳೆ ಅದು. ಇನ್ನು, ತಾಯಂದಿರೇ, ಮಗಳಿಗೆ ಅಂತ ತಿಪಟೂರಿನ ಕೊಬ್ಬರಿ ಕಟ್ಟಬೇಡಿ! ಒಣಕೊಬ್ಬರಿಯ ಎಣ್ಣೆಯಂಶ ತಾನಾಗಿಯೇ ಕಾವೇರಿ ಬೆಂಕಿ ಹೊತ್ತಬಹುದು ಅಂತ ಅದಕ್ಕೆ ನಿಷೇಧ. ಇಡೀ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಆದರೆ 2024ರ ಶಬರಿಮಲೆ ಯಾತ್ರೆಯ ಕಾಲದಲ್ಲಿ ಇರುಮುಡಿಯ ಕಾಯಿಗೆ, ತಪಾಸಣೆ ಮಾಡಿ, ವಿಶೇಷ ಅನುಮತಿ ಕೊಟ್ಟಿದ್ದರು. ಕಟ್ಟಳೆ ಮಾಡುವವರಿಗೂ ಮನೆ ಮಠ ಇದೆ ನೋಡಿ.

ನಾಯಿ ಕಂಡರೆ ಮುಟ್ಟಲು ಹೋಗಬೇಡಿ, ಅದು ಡ್ಯೂಟಿಯಲ್ಲಿದೆ. ಸ್ಫೋಟಕದ ವಾಸನೆ ಸಿಕ್ಕರೆ ಬೊಗಳದೆ ಸುಮ್ಮನೆ ಕೂತುಬಿಡುವುದು ಅದಕ್ಕೆ ಕಲಿಸಿದ ಪಾಠ. ಸಾಲಿನಲ್ಲಿ ನಿಂತು ತಮಾಷೆಗೂ ‘ಬಾಂಬ್’ ಅನ್ನಬೇಡಿ. 2024ರ ಅಕ್ಟೋಬರಿನಲ್ಲಿ ನಮ್ಮ ವಿಮಾನಗಳಿಗೆ ನೂರಾರು ಸುಳ್ಳು ಬೆದರಿಕೆ ಬಂದವು. ಸುಳ್ಳೋ ನಿಜವೋ, ಪ್ರತಿಯೊಂದನ್ನೂ ಪರಿಶೀಲಿಸಲೇಬೇಕಾಯಿತು.

ಈಗ ಹೆಣ್ಣುಮಕ್ಕಳಿಗೆ ಮುಖ್ಯವಾದ ಮಾತು. ಹೆಂಗಸರನ್ನು ತಪಾಸಣೆ ಮಾಡುವವರು ಹೆಂಗಸರೇ, ಅದೂ ಪರದೆಯ ಮರೆಯಲ್ಲಿ. ನಾಚಿಕೆ ಬೇಡ. ಆ ಪರದೆಯೊಳಗೆ ನೀವು ಮತ್ತು ಆ ಪೊಲೀಸಕ್ಕ ಇಬ್ಬರೇ ಇರುತ್ತೀರಿ. ಕೆಲಸ ಕೊಡಿಸುತ್ತೇನೆ ಅಂತಲೋ ಮದುವೆ ಅಂತಲೋ ಯಾರಾದರೂ ಇಷ್ಟವಿಲ್ಲದೆ ನಿಮ್ಮನ್ನು ಕರೆದೊಯ್ಯುತ್ತಿದ್ದರೆ, ಅಲ್ಲಿ ಮೆಲ್ಲಗೆ ಹೇಳಿಬಿಡಿ. ಜೊತೆಗೆ ಬಂದವರಿಗೆ ಕೇಳಿಸದ ಜಾಗ ಅದು. ಇಂಗ್ಲೆಂಡಿನಲ್ಲಿ ‘ಕರ್ಮ ನಿರ್ವಾಣ’ ಎಂಬ ಸಂಸ್ಥೆ, ಬಲವಂತದ ಮದುವೆಗೆ ಹೊರದೇಶಕ್ಕೆ ಸಾಗಿಸಲಾಗುತ್ತಿದ್ದ ಹುಡುಗಿಯರಿಗೆ ಒಂದು ಉಪಾಯ ಹೇಳಿಕೊಟ್ಟಿತ್ತು: ಒಳಉಡುಪಿನಲ್ಲಿ ಒಂದು ಚಮಚ ಬಚ್ಚಿಟ್ಟುಕೊಳ್ಳಿ! ಯಂತ್ರ ಕೂಗುತ್ತದೆ, ಕಾವಲಿನವರು ಪಕ್ಕಕ್ಕೆ ಕರೆಯುತ್ತಾರೆ, ಆಗ ಬಾಯಿ ಬಿಡಬಹುದು. ಅಡಿಗೆಮನೆಯ ಚಮಚಕ್ಕೆ ಇಂಥ ಉಪಯೋಗವೂ ಉಂಟು ಅಂತ ಯಾರು ಎಣಿಸಿದ್ದರು! ನಿಲ್ದಾಣದ ಹೊರಗಾದರೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಬಹುದು. ಈ ನಂಬರುಗಳನ್ನು ಬಾಯಿಪಾಠ ಮಾಡಿಕೊಳ್ಳಿ.

‘ನಾನೂ ಆ ಖಾಕಿ ತೊಡಬಹುದೆ?’ ಅಂತ ಕೇಳುವ ಹುಡುಗಿಯರೂ ಇದ್ದೀರಿ. ಯಾಕಾಗಬಾರದು? 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಪಡೆಗೆ ಮೊದಲನೆಯ ಮಹಿಳಾ ಬೆಟಾಲಿಯನ್ನಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 1,025 ಮಂದಿ. ಕಾನ್ಸ್‌ಟೇಬಲ್ ಹುದ್ದೆಗೆ ಹತ್ತನೇ ತರಗತಿ ಪಾಸಾಗಿರಬೇಕು. 2024ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಹುಡುಗಿಯರಿಗೆ ಸಾಮಾನ್ಯವಾಗಿ 157 ಸೆಂಟಿಮೀಟರ್ ಎತ್ತರ ಬೇಕು. ಜೊತೆಗೆ 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದೊಳಗೆ ಓಡಬೇಕು. ನಾಳೆ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಓಡಿ ನೋಡಿ. ಗಡಿಯಾರ ಅಣ್ಣನ ಕೈಲಿ ಇರಲಿ.