ಒಂದು ಮರಿಯ ಸಿಂಗಳೀಕ, ಲಕ್ಷ ಮೊಟ್ಟೆಯ ಬಳಚು

ಕೆಲಸದ ಮೇಲೆ ಕಲಬುರಗಿಗೆ ಹೋಗಿದ್ದಾಗ ಕಮಲಾಪುರದ ಹೆಸರಾಂತ ಕೆಂಪು ಬಾಳೆಯ ತೋಟವೊಂದನ್ನು ನೋಡಿ ಬಂದೆವು. ನಮ್ಮ ಶಿರಸಿ–ಸಿದ್ದಾಪುರ ಸೀಮೆಯಲ್ಲಿ ಸಿಂಗಳೀಕ ಉಳಿಸುವ ಮಾತು ನಡೆದಿದೆ ಎಂದಾಗ ತೋಟದ ಯಜಮಾನರು ನಕ್ಕುಬಿಟ್ಟರು. “ಇಲ್ಲಿ ಮಂಗ್ಯಾನ ಕಾಟಕ್ಕ ಸಾಕಾಗ್ಯಾದರಿ. ನೀವು ಮಂಗ್ಯಾ ಕಮ್ಮಿ ಆಗ್ಯಾವಂತ ಚಿಂತಿ ಮಾಡ್ತೀರಿ!”

ಆಗ ಉತ್ತರ ಹೊಳೆಯಲಿಲ್ಲ. ಮರಳುವಾಗ ಬಸ್ಸಿನಲ್ಲಿ ನಮ್ಮ ಅಘನಾಶಿನಿ ನೆನಪಾಯಿತು. ಈ ನದಿಯ ಮೇಲುಭಾಗದ ಘಟ್ಟದ ಕಾಡಿನಲ್ಲಿ ಸಿಂಗಳೀಕವಿದೆ. ಕೆಳಗೆ ಕುಮಟಾ ತಾಲೂಕಿನ ಅಳಿವೆಯ ಮರಳಿನಲ್ಲಿ ಬಳಚು. ನೀರಿಳಿದ ಹೊತ್ತಿಗೆ ಜನ ಬುಟ್ಟಿಗಟ್ಟಲೆ ಆಯ್ದು ತರುವ ಚಿಪ್ಪಿನ ಜೀವಿ ಅದು.

ಬಳಚು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಸುಮ್ಮನಾಗುತ್ತದೆ. ಬಹುಪಾಲು ಕಂಡವರ ಬಾಯಿಗೆ ಹೋಗುತ್ತದೆ. ಉಪ್ಪುನೀರು–ಸಿಹಿನೀರಿನ ಹದ ಕೆಡದಿದ್ದರೆ ಉಳಿದಷ್ಟರಿಂದಲೇ ಅಳಿವೆ ಮತ್ತೆ ತುಂಬೀತು. ಸಿಂಗಳೀಕದ ಲೆಕ್ಕವೇ ಬೇರೆ. ಹೆಣ್ಣು ಮೊದಲ ಸಲ ಈಯಲು ಆರು ವರ್ಷದ ಮೇಲಾಗಬೇಕು. ಈದರೆ ಒಂದೇ ಮರಿ. ಮುಂದಿನದಕ್ಕೆ ಸುಮಾರು ಮೂರು ವರ್ಷ. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲ. ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು ಎಂದು ಅಂದಾಜು. ಒಂದು ತಾಯಿ ಸತ್ತರೆ ತುಂಬಿಕೊಳ್ಳಲು ವರ್ಷಗಳೇ ಬೇಕು. ಎಳೆ ಅಡಿಕೆ ಉದುರಿಸುವ ಕೋತಿಯ ಸಿಟ್ಟನ್ನು ಇದರ ಮೇಲೆ ತೀರಿಸಿಕೊಳ್ಳುವುದು ಅನ್ಯಾಯವಲ್ಲವೇ?

2011ರಲ್ಲಿ ಸರ್ಕಾರ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಘೋಷಿಸಿತು. ಆದರೆ ಈ ಪ್ರಾಣಿ ನೆಲಕ್ಕಿಳಿಯುವುದು ಅಪರೂಪ, ಮರದಿಂದ ಮರಕ್ಕೇ ಅದರ ದಾರಿ. ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಪಡೆದವರು ನಾವು. ಅಲ್ಲಿ ಕೊಂಬೆಗೆ ಕೊಂಬೆ ತಾಗಿರುವುದೂ ತಪ್ಪಿರುವುದೂ ನಮ್ಮ ಕತ್ತಿಯ ಕೈಯಲ್ಲಿದೆ.

ಉಪ್ಪಾಗೆಯ ಮಾತು ಇನ್ನೂ ಕಹಿ. ಮಳೆಗಾಲದಲ್ಲಿ ಸಿಂಗಳೀಕಕ್ಕೆ ಅದು ಮುಖ್ಯ ಆಹಾರ. ಮೈ ಕರಗಿಸುವ ಮಾತ್ರೆಗೆಂದು ಹೊರದೇಶದ ಬೇಡಿಕೆ ಬಂದು ಸಿಪ್ಪೆಯ ಧಾರಣೆ ಏರಿದಾಗ, ಇನ್ನೊಬ್ಬರು ಕೊಯ್ದಾರೆಂಬ ಆತುರಕ್ಕೆ ಕಾಯಿ ಬಲಿಯುವ ಮುನ್ನವೇ ಕೊಂಬೆ ಸಮೇತ ಕಡಿದವರುಂಟು. ನಮ್ಮ ಬೆಟ್ಟದಲ್ಲೂ ಒಂದು ವರ್ಷ ಹಾಗಾಯಿತು. ಕೂಲಿಯವರ ಮೇಲೆ ಹೊರಿಸುವುದಿಲ್ಲ, ಹೇಳಿದವರು ನಾವೇ. ಮಾರನೆಯ ವರ್ಷ ಆ ಮರಗಳಲ್ಲಿ ನಮಗೂ ಕಾಯಿಲ್ಲ, ಅದಕ್ಕೂ ಇಲ್ಲ. ಈಗ ಹಣ್ಣಾದದ್ದನ್ನೇ ಕೊಯ್ಯಿಸುತ್ತೇವೆ, ತುದಿಯವನ್ನು ಬಿಡುತ್ತೇವೆ. ತೂಕ ಕಡಿಮೆ, ಸಿಪ್ಪೆ ಮಾತ್ರ ದಪ್ಪ.

ಇಷ್ಟನ್ನೂ ಕಮಲಾಪುರದ ಯಜಮಾನರಿಗೆ ಕಾಗದದಲ್ಲಿ ಬರೆದು, ಜೊತೆಗೆ ಒಂದು ಪೊಟ್ಟಣ ಚಾಲಿ ಅಡಿಕೆ ಕಳಿಸಿದ್ದೇವೆ.